ನಟ್ ಚಿಕ್ಕದು, ಕೆಲಸ ದೊಡ್ಡದು

ಯರಗುಪ್ಪಿಯಂಥ ಊರಲ್ಲಿ ಮನೆಯಲ್ಲೇ ಸಿಎನ್‌ಸಿ ರೂಟರ್ ಕಟ್ಟಿ ಬಾಗಿಲಿನ ಕೆತ್ತನೆ ಮಾಡಹೊರಟವರಿಗೆ ಒಂದು ಮಾತು. ಮೋಟಾರಿಗೆ ಕೊಡುವಷ್ಟೇ ಗಮನವನ್ನು ಲೀಡ್ ಸ್ಕ್ರೂ ನಟ್‌ಗೂ ಕೊಡಿ. ನಟ್ ಸಡಿಲಿದ್ದರೆ ಕೊರೆದ ವೃತ್ತ ದುಂಡಗಾಗುವುದಿಲ್ಲ. ದಿಕ್ಕು ಬದಲಾಗುವ ನಾಲ್ಕೂ ಕಡೆ ಚಪ್ಪಟೆ ಗುರುತು ಬೀಳುತ್ತದೆ.

ಸಾದಾ ಹಿತ್ತಾಳೆ ನಟ್ ಅಗ್ಗ, ಆದರೆ ಸವೆದಂತೆಲ್ಲ ಆಟ ಹೆಚ್ಚುತ್ತದೆ. ಸ್ಪ್ರಿಂಗ್ ಇರುವ ನಟ್ ಹಗುರ ಕೆಲಸಕ್ಕೆ ಸಾಕು; ಗಟ್ಟಿ ಮರ ಕೊರೆಯುವಾಗ ಸ್ಪ್ರಿಂಗೇ ಮಣಿಯಬಹುದು. ಒಂದು ಬದಿ ಸೀಳಿ ಬೋಲ್ಟ್ ಹಾಕಿದ ಡೆಲ್ರಿನ್ ಪ್ಲಾಸ್ಟಿಕ್ ನಟ್ ಆದರೆ ಸವೆದಷ್ಟೂ ಬಿಗಿ ಮಾಡಿಕೊಳ್ಳಬಹುದು.

8 ಮಿ.ಮೀ. ದಪ್ಪದ ಸ್ಕ್ರೂ 2 ಮಿ.ಮೀ. ಲೀಡ್‌ನಲ್ಲೂ 8 ಮಿ.ಮೀ. ಲೀಡ್‌ನಲ್ಲೂ ಸಿಗುತ್ತದೆ. ಲೀಡ್ ಅಂದರೆ ಸ್ಕ್ರೂ ಒಂದು ಸುತ್ತು ತಿರುಗಿದಾಗ ನಟ್ ಸರಿಯುವ ದೂರ. ಮೇಲೆ ಕೆಳಗೆ ಆಡುವ ಅಕ್ಷಕ್ಕೆ 2 ಮಿ.ಮೀ. ಇರಲಿ. 8 ಮಿ.ಮೀ. ಲೀಡ್ ಆದರೆ ಕರೆಂಟ್ ಹೋದಾಗ ಭಾರದ ಸ್ಪಿಂಡಲ್ ತಾನೇ ಕೆಳಗಿಳಿದು ಕೆತ್ತನೆ ಕೆಡಿಸೀತು.

ನಮ್ಮದು ಎರೆಮಣ್ಣಿನ ಸೀಮೆ. ಮರದ ಪುಡಿಯ ಜೊತೆ ಈ ಮಣ್ಣಿನ ಧೂಳು ಗ್ರೀಸಿಗೆ ಹತ್ತಿದರೆ ಎಳೆಗಳನ್ನೇ ತಿಂದುಬಿಡುತ್ತದೆ. ಡೆಲ್ರಿನ್ ನಟ್ ಗ್ರೀಸ್ ಇಲ್ಲದೆಯೂ ನಡೆಯುತ್ತದೆ. ಸ್ಕ್ರೂವನ್ನು ಆಗಾಗ ಒರೆಸಿದರಾಯಿತು.

ಹುಬ್ಬಳ್ಳಿಗೆ ಕೊಳ್ಳಲು ಹೋಗುವಾಗ ಸ್ಕ್ರೂವನ್ನೂ ಒಯ್ಯಿರಿ. ನಟ್ ಹಾಕಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿ ನೋಡಿ. ಎಲ್ಲೂ ಹಿಡಿಯಬಾರದು, ಎಲ್ಲೂ ಅಲುಗಾಡಬಾರದು. ಆಮೇಲೆ ದುಡ್ಡು ಕೊಡಿ.