ಮನೆಯ ಉಗ್ರಾಣದಲ್ಲಿ ಕಾಳುಕಡಿಗಳ ರಕ್ಷಣೆ

ಒಕ್ಕಣೆ ಮುಗಿದು ರಾಶಿ ಮನೆ ಸೇರಿದೊಡನೆ ಬೆಳೆಯ ಚಿಂತೆ ತೀರಿತೆಂದು ರೈತರು ಭಾವಿಸುವುದು ಸಹಜ. ಆದರೆ ಮುಂದಿನ ಸುಗ್ಗಿಯವರೆಗಿನ ಊಟ, ಮುಂಗಾರಿಗೆ ಬೇಕಾದ ಬಿತ್ತನೆ ಬೀಜ, ಕಷ್ಟಕಾಲಕ್ಕೆಂದು ಉಳಿಸಿದ ಒಂದೆರಡು ಚೀಲ ಕಾಳು ಇವೆಲ್ಲವೂ ಇರುವುದು ಉಗ್ರಾಣದಲ್ಲಿಯೇ. ಹೊಲದಲ್ಲಿ ಹುಳು ಬಿದ್ದರೆ ದಾರಿಹೋಕನಿಗೂ ಕಾಣುತ್ತದೆ. ಉಗ್ರಾಣದಲ್ಲಿ ಬಿದ್ದ ಹುಳು ಚೀಲದ ಬಾಯಿ ಬಿಚ್ಚುವವರೆಗೆ ಕಾಣುವುದಿಲ್ಲ. ಗೊಬ್ಬರ, ನೀರು, ಕೂಲಿ ಎಲ್ಲವನ್ನೂ ಹಾಕಿ ಬೆಳೆದ ಮೇಲೆ ಆಗುವ ಈ ನಷ್ಟವೇ ಅತ್ಯಂತ ದುಬಾರಿಯಾದ ನಷ್ಟ. ಸ್ವಲ್ಪ ಎಚ್ಚರ ಮತ್ತು ಕ್ರಮಬದ್ಧ ವ್ಯವಸ್ಥೆ ಇದ್ದರೆ ಹೆಚ್ಚು ಖರ್ಚಿಲ್ಲದೆ ಇದನ್ನು ತಡೆಯಬಹುದು.

ನಷ್ಟಕ್ಕೆ ಕಾರಣಗಳು

ಕಾಳು ಕೆಡಲು ಮುಖ್ಯ ಕಾರಣಗಳು ನಾಲ್ಕು: ತೇವಾಂಶ, ಕೀಟ, ಬೂಷ್ಟು ಮತ್ತು ಇಲಿ. ಇವುಗಳಲ್ಲಿ ತೇವಾಂಶವೇ ಮೂಲ. ಕಾಳಿನಲ್ಲಿ ತೇವ ಹೆಚ್ಚಿದ್ದರೆ ಕೀಟಗಳು ಬೇಗ ವೃದ್ಧಿಯಾಗುತ್ತವೆ, ಬೂಷ್ಟೂ ಬೆಳೆಯುತ್ತದೆ.

ಅಕ್ಕಿ, ಜೋಳ, ಗೋಧಿಗಳನ್ನು ಬಾಧಿಸುವ ಮೂತಿಹುಳು ಕಾಳಿನಲ್ಲಿ ರಂಧ್ರ ಕೊರೆದು, ಮೊಟ್ಟೆಯಿಟ್ಟು, ರಂಧ್ರವನ್ನು ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ಬೆಳೆದು ದುಂಬಿಯಾಗಿ ಹೊರಬರುತ್ತದೆ. ಆದ್ದರಿಂದ ನೋಡಲು ಚೆನ್ನಾಗಿರುವ ಕಾಳಿನ ಒಳಗೂ ಹುಳು ಇರಬಹುದು. ತೊಗರಿ, ಹೆಸರು, ಅಲಸಂದೆ, ಕಡಲೆಗಳಿಗೆ ಬೀಳುವ ಕಾಳುದುಂಬಿ ಕಾಳಿನ ಮೇಲೆಯೇ ಮೊಟ್ಟೆ ಅಂಟಿಸುತ್ತದೆ. ಇವು ಸಣ್ಣ ಬಿಳಿ ಚುಕ್ಕೆಗಳಂತೆ ಕಾಣುತ್ತವೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ ಮುಗಿದು ಮತ್ತೊಂದು ಆರಂಭವಾಗುತ್ತದೆ. ಈ ದುಂಬಿ ಹೊಲದಲ್ಲಿ ಕಾಯಿ ಬಲಿಯುವಾಗಲೇ ಮೊಟ್ಟೆಯಿಡುವುದರಿಂದ, ಬೇಳೆಕಾಳುಗಳ ಜೊತೆ ಪಿಡುಗೂ ಮನೆಗೆ ಬರುತ್ತದೆಂದು ತಿಳಿದೇ ಕೆಲಸ ಮಾಡಬೇಕು.

ಚೆನ್ನಾಗಿ ಒಣಗಿಸುವುದು

ಕಾಳನ್ನು ತುಂಬುವ ಮೊದಲು ರಾಗಿ, ಬತ್ತ, ಜೋಳ ಮುಂತಾದ ಧಾನ್ಯಗಳ ತೇವಾಂಶ ಶೇ. 12ಕ್ಕಿಂತ, ಬೇಳೆಕಾಳುಗಳಲ್ಲಿ ಶೇ. 9ರಿಂದ 10ಕ್ಕಿಂತ ಹಾಗೂ ಕಡಲೆಕಾಯಿಯಲ್ಲಿ ಶೇ. 8ಕ್ಕಿಂತ ಹೆಚ್ಚಿರಬಾರದು. ತೇವಾಂಶ ಅಳೆಯುವ ಉಪಕರಣ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಹಲ್ಲಿನಲ್ಲಿ ಕಚ್ಚಿದಾಗ ಕಾಳು ಮೆತ್ತಗೆ ಚಪ್ಪಟೆಯಾಗದೆ ಕಟಕ್ಕನೆ ಒಡೆಯಬೇಕೆಂಬ ಹಿರಿಯರ ಪರೀಕ್ಷೆ ಈಗಲೂ ಉಪಯುಕ್ತ.

ಇನ್ನೊಂದು ಸುಲಭ ವಿಧಾನವೂ ಉಂಟು. ಒಣಗಿದ ಗಾಜಿನ ಸೀಸೆಯ ಮೂರನೆಯ ಒಂದು ಭಾಗದಷ್ಟು ಕಾಳು ಹಾಕಿ, ಎರಡು ಮೂರು ಚಮಚ ಒಣಪುಡಿ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಬೇಕು. ಕಾಲು ಗಂಟೆಯ ನಂತರ ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡಿದ್ದರೆ ತೇವಾಂಶ ಸುಮಾರು ಶೇ. 15ಕ್ಕಿಂತ ಹೆಚ್ಚಿದೆ ಎಂದು ಅರ್ಥ. ಅಂಟದಿದ್ದರೂ ಮತ್ತೆ ಒಂದೆರಡು ದಿನ ಒಣಗಿಸುವುದು ಕ್ಷೇಮ. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಯಿರುವಾಗಲೇ ತುಂಬಬಾರದು. ಹಾಗೆ ತುಂಬಿದರೆ ಡಬ್ಬದ ಒಳಮೈ ಬೆವರಿ, ಮೇಲಿನ ಕಾಳು ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಆರಿಸಿ ತುಂಬಬೇಕು.

ಉಗ್ರಾಣದ ವ್ಯವಸ್ಥೆ

ಹೊಸ ಕಾಳು ಬರುವ ಮೊದಲು ಉಗ್ರಾಣವನ್ನು ಪೂರ್ತಿ ಖಾಲಿ ಮಾಡಿ, ಮೂಲೆಮೂಲೆ ಗುಡಿಸಿ, ಕಸವನ್ನು ಸುಡಬೇಕು. ಗೋಡೆ ಮತ್ತು ನೆಲದ ಬಿರುಕುಗಳಲ್ಲಿ ಹಳೆಯ ಹುಳುಗಳು ಅಡಗಿರುತ್ತವೆ. ಅವುಗಳನ್ನು ಮುಚ್ಚಿ ಸುಣ್ಣ ಬಳಿಯಬೇಕು. ಹಳೆಯ ಗೋಣಿಚೀಲಗಳನ್ನು ಒಳಗು ಹೊರಗು ಮಾಡಿ ಕೊಡವಿ, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಬಳಸಬೇಕು.

ಚೀಲಗಳನ್ನು ನೆಲದ ಮೇಲೆ ಇಡದೆ ಹಲಗೆ ಅಥವಾ ಬಿದಿರಿನ ತಟ್ಟಿಯ ಮೇಲೆ, ಗೋಡೆಯಿಂದ ಒಂದು ಅಡಿಗೂ ಹೆಚ್ಚು ದೂರದಲ್ಲಿ ಜೋಡಿಸಬೇಕು. ನೆಲದ ಮತ್ತು ಗೋಡೆಯ ತೇವ ಆಗ ಕಾಳಿಗೆ ತಾಗುವುದಿಲ್ಲ. ಇಲಿಯ ಓಡಾಟವೂ ಕಣ್ಣಿಗೆ ಬೀಳುತ್ತದೆ. ಬಾಗಿಲ ಸಂದಿನಲ್ಲಿ ಕಾಲು ಅಂಗುಲ ಜಾಗವಿದ್ದರೆ ಸುಂಡಿಲಿಗೆ ಅಷ್ಟೇ ಸಾಕು. ಆದ್ದರಿಂದ ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಸುವುದು ಒಳ್ಳೆಯದು.

ಪ್ರತಿ ದಿನ ಬೇಕಾಗುವ ಪದಾರ್ಥಗಳು ಕೈಗೆಟುಕುವ ಎತ್ತರದಲ್ಲಿಯೂ, ಭಾರವಾದ ಪೀಪಾಯಿಗಳು ಕೆಳಗೂ, ಅಪರೂಪಕ್ಕೆ ಬೇಕಾಗುವ ಒಣ ಪದಾರ್ಥಗಳು ಅಟ್ಟದ ಮೇಲೂ ಇರಲಿ. ಪ್ರತಿ ಡಬ್ಬದ ಮೇಲೆ ಕಾಳಿನ ಹೆಸರು ಮತ್ತು ತುಂಬಿದ ತಿಂಗಳನ್ನು ಸೀಮೆಸುಣ್ಣದಿಂದ ಬರೆದರೆ ಹಳೆಯದನ್ನು ಮೊದಲು ಬಳಸಲು ಅನುಕೂಲ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವನ್ನು ಬಿಡಬೇಕು. ತಳದಲ್ಲಿ ಉಳಿದ ಒಂದು ಸೇರು ಹಳೆಯ ಕಾಳಿನ ಹುಳು ಇಡೀ ಪೀಪಾಯಿಯನ್ನು ಕೆಡಿಸಬಲ್ಲದು.

ಯಾವುದನ್ನು ಹೇಗೆ ಇಡಬೇಕು?

ರಾಗಿ: ಕಾಳು ಚಿಕ್ಕದಾಗಿರುವುದರಿಂದ ಕೀಟಗಳ ಬಾಧೆ ಬಹಳ ಕಡಿಮೆ. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಿಂದಿನವರು ಇದನ್ನು ಹಗೇವುಗಳಲ್ಲಿ ತುಂಬಿ ಬರಗಾಲಕ್ಕೆ ಕಾಪಿಡುತ್ತಿದ್ದರು. ಈಗಲೂ ಹಗೇವು ಬಳಸುವವರು ಒಂದು ವಿಷಯ ಮರೆಯಬಾರದು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡಿರುತ್ತದೆ. ತೆರೆದ ಕೂಡಲೇ ಇಳಿದವನು ಕೂಗಲೂ ಆಗದೆ ಕುಸಿಯಬಹುದು. ಎತ್ತಲು ಇಳಿದ ಎರಡನೆಯವನಿಗೂ ಅದೇ ಗತಿ. ಬಹಳ ಹೊತ್ತು ಬಾಯಿ ತೆರೆದಿಟ್ಟು ಗಾಳಿಯಾಡಿಸಿ, ದೀಪ ಇಳಿಸಿ ನೋಡಬೇಕು. ದೀಪ ನಂದಿದರೆ ಯಾರೂ ಇಳಿಯಕೂಡದು. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಲ್ಲದೆ ಇಳಿಯಬಾರದು.

ಬತ್ತ ಮತ್ತು ಅಕ್ಕಿ: ಹೊಟ್ಟಿನ ರಕ್ಷಣೆ ಇರುವುದರಿಂದ ಬತ್ತ ಅಕ್ಕಿಗಿಂತ ಹೆಚ್ಚು ಕಾಲ ಬಾಳುತ್ತದೆ. ವರ್ಷದ ಅಕ್ಕಿಯನ್ನು ಒಂದೇ ಸಲ ಮಾಡಿಸದೆ, ಎರಡು ಮೂರು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಮಾಡಿಸುವುದು ಲೇಸು.

ಬೇಳೆಕಾಳು: ಇಡೀ ಕಾಳಿಗಿಂತ ಒಡೆದ ಬೇಳೆಗೆ ಕಾಳುದುಂಬಿಯ ಬಾಧೆ ಕಡಿಮೆ. ಆದ್ದರಿಂದ ಊಟಕ್ಕೆ ಬೇಕಾದ ತೊಗರಿಯನ್ನು ಬೇಗನೆ ಬೇಳೆ ಮಾಡಿಸಬೇಕು. ಇಡೀ ಕಾಳಾಗಿಯೇ ಇಡುವುದಾದರೆ ಒಂದು ಕಿಲೋ ಕಾಳಿಗೆ 5 ಮಿಲಿ ಲೀಟರಿನಷ್ಟು ಅಡುಗೆ ಎಣ್ಣೆಯನ್ನು ಎಲ್ಲ ಕಾಳಿಗೂ ತಾಗುವಂತೆ ಸವರಿ ಇಡಬಹುದು. ಎಣ್ಣೆಯ ಪದರದಿಂದ ದುಂಬಿಯ ಮೊಟ್ಟೆಗಳು ಬದುಕುವುದಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವ ಹಳೆಯ ಪದ್ಧತಿಯೂ ಕಾಳಿಗೆ ರಕ್ಷಣೆ ಕೊಡುತ್ತದೆ.

ಕಡಲೆಕಾಯಿ: ಸಿಪ್ಪೆಯ ಸಹಿತವೇ ಇಡಬೇಕು. ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕುಗಟ್ಟಿದ ಬೀಜಗಳನ್ನು ಆರಿಸಿ ಎಸೆಯಬೇಕು. ಅವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಇದು ಯಕೃತ್ತಿಗೆ ಹಾನಿಕರ. ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಇಂತಹ ಬೀಜವನ್ನು ದನಕರುಗಳಿಗೂ ಕೋಳಿಗಳಿಗೂ ಹಾಕಬಾರದು.

ಹಿಟ್ಟು, ಬೆಲ್ಲ, ಹುಣಸೆ: ಹಿಟ್ಟು ಕಾಳಿಗಿಂತ ಬೇಗ ಕೆಡುವುದರಿಂದ ಎರಡು ವಾರಕ್ಕೆ ಸಾಲುವಷ್ಟನ್ನೇ ಬೀಸಿಸಬೇಕು. ಬೆಲ್ಲ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ನೀರೊಡೆಯುತ್ತದೆ. ಬಿಗಿಯಾದ ಮುಚ್ಚಳದ ಡಬ್ಬದಲ್ಲಿಡಬೇಕು. ಹುಣಸೆಹಣ್ಣಿನ ಬೀಜ ತೆಗೆದು, ಉಪ್ಪು ಬೆರೆಸಿ, ಮಣ್ಣಿನ ಮಡಕೆ ಅಥವಾ ಜಾಡಿಯಲ್ಲಿ ಅದುಮಿ ತುಂಬಬೇಕು. ಲೋಹದ ಡಬ್ಬ ಇದಕ್ಕೆ ತಕ್ಕದ್ದಲ್ಲ.

ಬಿತ್ತನೆ ಬೀಜ ಬೇರೆ, ಊಟದ ಕಾಳು ಬೇರೆ

ಬೀಜಕ್ಕೆಂದು ಇಟ್ಟ ಕಾಳಿಗೆ 100 ಕಿಲೋಗೆ ಒಂದು ಕಿಲೋದಂತೆ ಬೇವಿನ ಬೀಜದ ಪುಡಿ ಬೆರೆಸಿಡಬಹುದು. ಔಷಧಿ ಲೇಪಿಸಿದ ಬೀಜವನ್ನು ಊಟದ ಕಾಳಿನ ಹತ್ತಿರವೂ ಇಡಬಾರದು. ಉಳಿದುಹೋದ ಅಂತಹ ಬೀಜವನ್ನು ತೊಳೆದು ತಿನ್ನಬಹುದೆಂಬ ಭಾವನೆ ಅಪಾಯಕರ.

ಉಗ್ರಾಣದಲ್ಲಿ ವಿಷ ಬೇಡ

ಒಂದು ಕಾಲದಲ್ಲಿ ಕಾಳಿನ ಚೀಲಗಳಿಗೆ ಬಿ.ಎಚ್.ಸಿ. ಪುಡಿ ಎರಚುವ ರೂಢಿ ಇತ್ತು. ಈ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ಇನ್ನೂ ಅಪಾಯಕರ. ಇದು ಗಾಳಿಯ ತೇವದೊಡನೆ ಸೇರಿ ಫಾಸ್ಫೀನ್ ಎಂಬ ಮಾರಕ ಅನಿಲ ಬಿಡುತ್ತದೆ. ಗೋಡೆಯಾಚೆಯ ಕೋಣೆಯಲ್ಲಿ ಮಲಗಿದ ಮಕ್ಕಳಿಗೂ ಅದು ಸಂದುಗಳ ಮೂಲಕ ತಲುಪಬಲ್ಲದು, ಇದಕ್ಕೆ ಪ್ರತ್ಯೌಷಧವಿಲ್ಲ. ತರಬೇತಿ ಪಡೆದ ತಜ್ಞರ ಮೇಲ್ವಿಚಾರಣೆಯಲ್ಲಿ, ಜನವಸತಿ ಇಲ್ಲದ ಗೋದಾಮುಗಳಲ್ಲಿ ಬಳಸುವ ವಸ್ತು ಇದು. ಮನೆಯೊಳಗೆ ಒಂದು ಗುಳಿಗೆಯನ್ನೂ ಇಡಕೂಡದು. ಹೊಲಕ್ಕೆ ತಂದ ಕೀಟನಾಶಕ, ಇಲಿ ಪಾಷಾಣ, ಗೊಬ್ಬರಗಳಿಗೂ ಉಗ್ರಾಣದಲ್ಲಿ ಜಾಗವಿಲ್ಲ. ಇವುಗಳ ಖಾಲಿ ಡಬ್ಬಗಳನ್ನು ಎಷ್ಟು ತೊಳೆದರೂ ಕಾಳು ತುಂಬಲು ಬಳಸಬಾರದು.

ಗುಳಿಗೆಯ ಬದಲು ಗಾಳಿಯಾಡದ ಡಬ್ಬವೇ ಸಾಕು. ಒಣಗಿದ ಕಾಳನ್ನು ಅಂಚಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿದರೆ, ಒಳಗಿನ ಹುಳುಗಳು ಇದ್ದ ಆಮ್ಲಜನಕವನ್ನು ತಾವೇ ಮುಗಿಸಿ ಸಾಯುತ್ತವೆ. ಪದೇ ಪದೇ ತೆರೆದರೆ ಈ ಪ್ರಯೋಜನ ಸಿಗದು. ಆದ್ದರಿಂದ ತಿಂಗಳ ಖರ್ಚಿನ ಕಾಳನ್ನು ಸಣ್ಣ ಡಬ್ಬಕ್ಕೆ ತೆಗೆದು, ದೊಡ್ಡದನ್ನು ಮುಚ್ಚಿಯೇ ಇಡಬೇಕು.

ಹದಿನೈದು ದಿನಕ್ಕೊಮ್ಮೆ ಪರೀಕ್ಷೆ

ಅಮಾವಾಸ್ಯೆ, ಹುಣ್ಣಿಮೆಗಳಂದು ಉಗ್ರಾಣ ನೋಡುವ ಪದ್ಧತಿ ಇಟ್ಟುಕೊಂಡರೆ ಮರೆಯುವುದಿಲ್ಲ. ಬಳಕೆಯಲ್ಲಿರುವ ಡಬ್ಬ ಮತ್ತು ಚೀಲಗಳಿಂದ ಒಂದೊಂದು ಹಿಡಿ ಕಾಳು ತೆಗೆದು ಮೊರದಲ್ಲಿ ಹರಡಿ ನೋಡಬೇಕು. ರಂಧ್ರ ಬಿದ್ದ ಕಾಳು, ಬಿಳಿ ಚುಕ್ಕೆ, ಹಿಟ್ಟಿನಂತಹ ಪುಡಿ, ಮುಗ್ಗಲು ವಾಸನೆ ಇವುಗಳಲ್ಲಿ ಯಾವುದು ಕಂಡರೂ ಅಂದೇ ಆ ಕಾಳನ್ನು ಹೊರತೆಗೆದು, ಜರಡಿ ಹಿಡಿದು, ಬಿಸಿಲಿಗೆ ಹಾಕಬೇಕು. ಮುಗ್ಗಿದ ಕಾಳನ್ನು ಮಾತ್ರ ಒಣಗಿಸಿದರೂ ಊಟಕ್ಕೆ ಬಳಸಬಾರದು. ಹುಳುವಿನ ಒಂದು ಪೀಳಿಗೆಗೆ ಸುಮಾರು ಒಂದು ತಿಂಗಳು ಬೇಕಾಗುವುದರಿಂದ, ಹದಿನೈದು ದಿನಕ್ಕೊಮ್ಮೆ ನೋಡುವ ಮನೆಯಲ್ಲಿ ಅದು ಮಿತಿಮೀರಿ ಬೆಳೆಯಲು ಅವಕಾಶ ಸಿಗುವುದಿಲ್ಲ.

ಉಗ್ರಾಣದ ಕೆಲಸ ಹೆಂಗಸರದು ಮಾತ್ರವೆಂಬ ಭಾವನೆ ಅನೇಕ ಮನೆಗಳಲ್ಲಿದೆ. ಚೀಲ ಎತ್ತಿ ಸರಿಸುವುದು, ಬಿರುಕು ಮುಚ್ಚುವುದು, ಬಾಗಿಲಿಗೆ ತಗಡು ಹೊಡೆಯುವುದು ಇವುಗಳಿಗೆ ಮನೆಯವರೆಲ್ಲರೂ ಕೈ ಜೋಡಿಸಬೇಕು. ಹೊಲದಲ್ಲಿ ಬೆಳೆ ಕಾಯುವಷ್ಟೇ ಶ್ರದ್ಧೆಯಿಂದ ಮನೆಯಲ್ಲಿ ಕಾಳು ಕಾಯ್ದರೆ, ಬೆವರು ಸುರಿಸಿ ಬೆಳೆದದ್ದು ಮನೆಮಂದಿಯ ತಟ್ಟೆಗೇ ಸೇರುತ್ತದೆ.