ಇಪ್ಪತ್ತು ಡಿಗ್ರಿಯ ಕೋಣೆ

ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬೆಳೆದ ನಮ್ಮ ಓರಗೆಯವರಿಗೆ ಮನೆಯಲ್ಲಿ ಹೇಳಿಕೊಟ್ಟ ದಾರಿಗಳು ಎರಡೇ. ಒಂದು, ಪರೀಕ್ಷೆ ಬರೆದು ಅಪ್ಪನ ಹಾಗೆ ಯಾವುದಾದರೂ ಭವನದಲ್ಲಿ ಕೂರುವುದು; ಇನ್ನೊಂದು, ಎಂಜಿನಿಯರಿಂಗ್ ಮುಗಿಸಿ ಕಂಪ್ಯೂಟರ್ ಕಂಪನಿ ಸೇರುವುದು. ಹಾಸನದ ಕಡೆಯಿಂದ ಕೇಂದ್ರ ಸರ್ಕಾರದ ಕೆಲಸಕ್ಕೆ ಬಂದ ನಮ್ಮ ತಂದೆಗೆ ಮೂರನೆಯ ದಾರಿಯೊಂದು ಇರಬಹುದೆಂದು ಅನಿಸಿರಲೇ ಇಲ್ಲ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಿ ಹತ್ತನೆಯದು ಮುಗಿಸಿದ ಮಗಳು ಬೆಂಗಳೂರಿಗೆ ಹೋಗಿ ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಉಪಕರಣ, ಅಚ್ಚು ಮಾಡುವ ವಿದ್ಯೆ, ಕಲಿಯುತ್ತೇನೆ ಎಂದಾಗ ಅದು ಅವರಿಗೆ ಓದು ಎನಿಸಲಿಲ್ಲ. ರಾಜಾಜಿನಗರದ ಸೋದರಮಾವ ಒಬ್ಬರೇ ಫೋನಿನಲ್ಲಿ, “ಕಳಿಸಿ ಭಾವ, ನಮ್ಮನೇಲಿದ್ದು ಓದ್ಲಿ. ಪೀಣ್ಯದ ಫ್ಯಾಕ್ಟ್ರಿಗಳಲ್ಲಿ ಇದನ್ನ ಕಲಿತ ಹುಡುಗ್ರಿಗೆ ಎಷ್ಟು ಬೇಡಿಕೆ ಇದೆ ಅಂತ ನಾನು ದಿನಾ ನೋಡ್ತೀನಿ” ಎಂದರು.

ನಾನು ಸೇರಿದ್ದು ಜಿಟಿಟಿಸಿಗೆ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಸಂಸ್ಥೆಯ ಶಾಖೆಗಳು ಇಂದು ಮೈಸೂರು, ಬೆಳಗಾವಿ, ಮಂಗಳೂರು, ಕಲಬುರಗಿ ಎಂದು ರಾಜ್ಯದ ಉದ್ದಗಲಕ್ಕೂ ಇವೆ. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷದ ಪಾಠ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ದೊಡ್ಡ ಯಂತ್ರಗಳ ಸದ್ದು ಕೇಳುತ್ತಲೇ ಒಳಗೆ ಹೋದ ನಮ್ಮ ಕೈಗೆ ಮೊದಲು ಸಿಕ್ಕಿದ್ದು ಒಂದು ಅರ, ಒಂದು ಕಬ್ಬಿಣದ ತುಂಡು.

ಆ ತುಂಡನ್ನು ವೈಸಿಗೆ ಕಚ್ಚಿಸಿ ವಾರಗಟ್ಟಲೆ ಉಜ್ಜಬೇಕು. ಆರೂ ಮುಖ ಸಮತಟ್ಟಾಗಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ತೂರಬಾರದು. ಹೊಸಬರ ಕೈಯಲ್ಲಿ ಅರ ಮೇಲೆ ಕೆಳಗೆ ತೂಗುತ್ತದೆ, ಜಾಬಿನ, ಅಂದರೆ ಕೆಲಸಕ್ಕೆ ಹಿಡಿದ ತುಂಡಿನ, ಅಂಚು ಇಳಿದು ನಡು ಉಬ್ಬುತ್ತದೆ. ಎಲ್ಲಿ ಉಬ್ಬಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ನೀಲಿ ಸವರಿದ ಸರ್ಫೇಸ್ ಪ್ಲೇಟಿನ ಮೇಲೆ ಜಾಬನ್ನು ಮೆಲ್ಲಗೆ ಆಡಿಸಿದರೆ ಎತ್ತರದ ಜಾಗಕ್ಕೆ ಮಾತ್ರ ನೀಲಿ ಹತ್ತುತ್ತದೆ. ಅಷ್ಟನ್ನೇ ತೆಗೆದು ಮತ್ತೆ ಆಡಿಸಬೇಕು. ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಯಂತ್ರಗಳ ಕಾಲದಲ್ಲಿ ಇದೇಕೆ ಎಂದು ಇವತ್ತಿನ ಹುಡುಗರು ಕೇಳುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಎಂದು ಪುಸ್ತಕ ಹೇಳುತ್ತದೆ. ಹತ್ತು ಮೈಕ್ರಾನ್ ತೆಗೆಯಲು ಅರವನ್ನು ಎಷ್ಟು ಹಗುರವಾಗಿ ಎಳೆಯಬೇಕು ಎಂಬುದು ಮಾತ್ರ ಮುಂಗೈಗೆ ಗೊತ್ತಾಗಬೇಕು. ಅದು ಒಮ್ಮೆ ಗೊತ್ತಾದವರು ಮುಂದೆ ಯಂತ್ರದ ಪರದೆಯಲ್ಲಿ 0.01 ಎಂದು ಒತ್ತುವಾಗ ತಾವು ಏನು ಮಾಡುತ್ತಿದ್ದೇವೆಂದು ತಿಳಿದೇ ಒತ್ತುತ್ತಾರೆ.

ಇಷ್ಟು ಸಣ್ಣ ಅಳತೆ ಯಾರಿಗೆ ಬೇಕು? 1 ಮಿ.ಮೀ. ದಪ್ಪದ ಉಕ್ಕಿನ ತಗಡು ಕತ್ತರಿಸುವ ಡೈಯನ್ನೇ ನೋಡಿ. ಮೇಲಿಂದ ಒತ್ತುವ ಪಂಚಿಗೂ ಅದು ಇಳಿಯುವ ಡೈಗೂ ನಡುವೆ ಒಂದೊಂದು ಬದಿಗೆ ಸುಮಾರು 50 ಮೈಕ್ರಾನ್ ಸಂದು ಬಿಡುತ್ತೇವೆ. ಹೆಚ್ಚಾದರೆ ತಗಡಿನ ಅಂಚಿನಲ್ಲಿ ಬರ್ ಎಂಬ ಚೂಪು ಏಣು ಏಳುತ್ತದೆ, ಕಡಿಮೆಯಾದರೆ ಡೈ ಬೇಗ ಸವೆಯುತ್ತದೆ. 25 ಮಿ.ಮೀ. ಶಾಫ್ಟ್ ಒಂದು ತೂತಿನಲ್ಲಿ ಅಲುಗಾಡದೆ, ಆದರೆ ಸಲೀಸಾಗಿ ಜಾರಬೇಕಾದರೆ ತೂತು 25.000ದಿಂದ 25.021ರ ಒಳಗೆ, ಶಾಫ್ಟು 24.980ರಿಂದ 24.993ರ ಒಳಗೆ ಇರಬೇಕು. ತೂತು ಒಂದೂರಿನಲ್ಲಿ, ಶಾಫ್ಟು ಇನ್ನೊಂದೂರಿನಲ್ಲಿ ತಯಾರಾಗಿ ಮೂರನೆಯ ಊರಿನಲ್ಲಿ ಒಂದಕ್ಕೊಂದು ಕೂರುತ್ತವೆ. ನನ್ನನ್ನು ಈ ವಿದ್ಯೆಗೆ ಕಟ್ಟಿಹಾಕಿದ್ದು ಆ ಬೆರಗು.

ಈ ಹೊಂದಿಕೆಯ ಬೀಗದ ಕೈಯನ್ನು ಜಗತ್ತಿಗೆ ಕೊಟ್ಟವರು ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕಾರ್ಲ್ ಎಡ್ವರ್ಡ್ ಯೊಹಾನ್ಸನ್. 1896ರ ಸುಮಾರಿಗೆ ಅವರು ಯೋಚಿಸಿದ ಸ್ಲಿಪ್ ಗೇಜುಗಳೆಂಬ, ಅಳತೆಗೆ ಆಧಾರವಾದ ನಿಖರ ದಪ್ಪದ ಉಕ್ಕಿನ ಬಿಲ್ಲೆಗಳು ಇಂದಿಗೂ ಪ್ರತಿ ಟೂಲ್ ರೂಮಿನಲ್ಲಿವೆ. ಶುಚಿ ಮಾಡಿದ ಎರಡು ಬಿಲ್ಲೆಗಳನ್ನು ಒತ್ತಿ ತಿರುಚಿದರೆ ಅಂಟಿಲ್ಲದೆ ಕಚ್ಚಿಕೊಳ್ಳುತ್ತವೆ. ಮೊದಲ ಸಲ ಅದು ನನ್ನ ಬೆರಳಿನಲ್ಲಿ ಆದಾಗ ಬಿಡಿಸಲೇ ಮನಸ್ಸು ಬರಲಿಲ್ಲ.

ಓದು ಮುಗಿದು ಕೆಲವು ವರ್ಷ ಪೀಣ್ಯದಲ್ಲಿದ್ದೆ. ಬೆಂಗಳೂರಿಗೆ ಈ ಕಸುಬು ತಾನಾಗಿ ಬಂದದ್ದಲ್ಲ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ, 1951ರಲ್ಲಿ ಮೈಕೋ, 1953ರಲ್ಲಿ ಸ್ವಿಸ್ ಓರ್ಲಿಕನ್ ಸಹಯೋಗದ ಎಚ್‌ಎಂಟಿ, 1962ರಲ್ಲಿ ಇವತ್ತು ಸಿಎಂಟಿಐ ಎನಿಸಿಕೊಂಡಿರುವ ಯಂತ್ರೋಪಕರಣ ಸಂಸ್ಥೆ, ಹೀಗೆ ಒಂದರ ಪಕ್ಕ ಒಂದು ಎದ್ದವು. ಎಚ್‌ಎಂಟಿ ಗಡಿಯಾರ ನಿಂತುಹೋಯಿತೆಂದು ನಾವೆಲ್ಲ ಮರುಗುತ್ತೇವೆ, ನಿಜ. ಆದರೆ ಅಲ್ಲಿ ಪಳಗಿದ ಕೈಗಳು ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಶಿಷ್ಯರನ್ನು ತಯಾರುಮಾಡಿದವು. ನಿಖರ ಜಾಗದಲ್ಲಿ ತೂತು ಕೊರೆಯುವ ಜಿಗ್ ಬೋರಿಂಗ್ ನಾನು ಕಲಿತದ್ದು ಅಂಥ ಒಬ್ಬ ಹಿರಿಯರಿಂದ.

ಮದುವೆಯಾಗಿ, ಯಜಮಾನರ ಕೇಂದ್ರ ಸರ್ಕಾರಿ ನೌಕರಿಯಿಂದಾಗಿ ಮತ್ತೆ ಸರೋಜಿನಿ ನಗರಕ್ಕೇ ಬಂದೆ. ಅಪ್ಪನ ಕಾಲದ ಕ್ವಾರ್ಟರ್ಸುಗಳಿದ್ದ ಕಡೆ ಬಹುಮಹಡಿ ಗೋಪುರಗಳೆದ್ದಿವೆ. ಬೆಳಿಗ್ಗೆ ಪಿಂಕ್ ಲೈನ್ ಮೆಟ್ರೊ ಹಿಡಿದು ಲಾಜಪತ್ ನಗರದಲ್ಲಿ ಬದಲಿಸಿ ಫರೀದಾಬಾದಿಗೆ ಹೋಗುತ್ತೇನೆ. ಅಲ್ಲಿ ವಾಹನ ಬಿಡಿಭಾಗಗಳ ಡೈ, ಮೋಲ್ಡ್ ಮಾಡುವ ಶೆಡ್ಡುಗಳು ಸಾಲುಸಾಲಾಗಿವೆ. ಅಳತೆಯ ಕುರಿತು ನಾನು ಓದಿದ್ದು ಅರ್ಥವಾದದ್ದು ಅಲ್ಲಿಯ ಒಂದು ಬೇಸಿಗೆಯಲ್ಲಿ.

ಆಗ ನಾನು 20 ಡಿಗ್ರಿಗೆ ಎ.ಸಿ. ಹಾಕಿದ ಅಳತೆಯ ಕೋಣೆ ನೋಡಿಕೊಳ್ಳುತ್ತಿದ್ದ ಕಾರ್ಖಾನೆಯಲ್ಲಿ 200 ಮಿ.ಮೀ. ಅಗಲದ ಅಲ್ಯೂಮಿನಿಯಂ ಜಾಬ್ ಒಂದರ ಕೆಲಸ ನಡೆದಿತ್ತು. ಹೆಚ್ಚುಕಡಿಮೆಗೆ ಬಿಟ್ಟ ಅವಕಾಶ ಎರಡೂ ಕಡೆ 20 ಮೈಕ್ರಾನ್. ಶೆಡ್ಡಿನೊಳಗೆ 40 ಡಿಗ್ರಿ. ಮೈಕ್ರೋಮೀಟರಿನಲ್ಲಿ ಪ್ರತಿ ಜಾಬೂ ಸರಿ ಬರುತ್ತಿತ್ತು, ಗಿರಾಕಿಯ ಲ್ಯಾಬಿನಲ್ಲಿ ಪ್ರತಿಯೊಂದೂ ಸಣ್ಣದೆಂದು ವಾಪಸಾಗುತ್ತಿತ್ತು. ಯಂತ್ರ ಕೆಟ್ಟಿದೆ ಎಂದರು, ಪ್ರೋಗ್ರಾಂ ತಪ್ಪಿದೆ ಎಂದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಒಬ್ಬ ಮುದುಕ ಖರಾದಿ (ಲೇತ್ ಕೆಲಸಗಾರ), ಎಲ್ಲರೂ ಉಸ್ತಾದ್ ಎನ್ನುತ್ತಿದ್ದವರು, “ಬೇಟಿ, ಇವತ್ತು ರಾತ್ರಿ ಇದು ನಿನ್ನ ಎ.ಸಿ. ಕೋಣೆಯಲ್ಲಿ ಮಲಗಲಿ, ನಾಳೆ ಅಳೆಯೋಣ” ಎಂದರು. ಬೆಳಿಗ್ಗೆ ಅಳೆದರೆ ಜಾಬು ನಿಜಕ್ಕೂ ಸಣ್ಣದು.

ಲೆಕ್ಕ ನಾನು ಹಾಕಿದೆ. ಒಂದು ಮೀಟರ್ ಉಕ್ಕು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು, 23. ಜಾಬೂ ಮೈಕ್ರೋಮೀಟರೂ ಎರಡೂ ಉಕ್ಕಾಗಿ ಒಂದೇ ಬಿಸಿಯಲ್ಲಿದ್ದರೆ ಎರಡೂ ಜೊತೆಯಾಗಿ ಹಿಗ್ಗುವುದರಿಂದ ವ್ಯತ್ಯಾಸ ಬಹುಮಟ್ಟಿಗೆ ವಜಾ ಆಗುತ್ತದೆ. ಇಲ್ಲಿ ಜಾಬು ಅಲ್ಯೂಮಿನಿಯಂ, ಮೈಕ್ರೋಮೀಟರು ಉಕ್ಕು; ಲೆಕ್ಕಕ್ಕೆ ಬರುವುದು ಎರಡರ ಹಿಗ್ಗುವಿಕೆಯ ವ್ಯತ್ಯಾಸ. ಅಳತೆಯ ಕೋಣೆಗಿಂತ 20 ಡಿಗ್ರಿ ಹೆಚ್ಚಿನ ಬಿಸಿಯಲ್ಲಿ 200 ಮಿ.ಮೀ.ಗೆ 46 ಮೈಕ್ರಾನ್ ತಪ್ಪು ಓದು. ಉಸ್ತಾದರ ಕೈಯಲ್ಲಿದ್ದ ಅರಿವಿಗೆ ನನ್ನ ಪುಸ್ತಕದಲ್ಲಿ ಅಂಕಿ ಇತ್ತು. ಎರಡೂ ಒಂದೇ ಶೆಡ್ಡಿನಲ್ಲಿದ್ದದ್ದಕ್ಕೆ ಆ ಆರ್ಡರು ಉಳಿಯಿತು.

ಅಳತೆಗೆ 20 ಡಿಗ್ರಿ ಸೆಲ್ಸಿಯಸ್ಸೇ ಆಧಾರವೆಂದು 1931ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಗೆಯಾಯಿತು. ಐಎಸ್‌ಒ ಮಾನಕಗಳಲ್ಲಿ ಒಂದನೇ ನಂಬರಿನದೇ ಅದು. ನಮ್ಮ ಕೋಣೆಯ ಸ್ಲಿಪ್ ಗೇಜುಗಳನ್ನು ಮಾನ್ಯತೆ ಪಡೆದ ಲ್ಯಾಬು ಪರೀಕ್ಷಿಸುತ್ತದೆ. ಆ ಲ್ಯಾಬಿನ ಗೇಜುಗಳ ಬೇರು ಹುಡುಕುತ್ತ ಹೋದರೆ ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿಗುತ್ತದೆ. 1947ರ ಜನವರಿ 4ರಂದು ನೆಹರೂ ಅಡಿಗಲ್ಲಿಟ್ಟ, ಕೆ.ಎಸ್. ಕೃಷ್ಣನ್ ಮೊದಲ ನಿರ್ದೇಶಕರಾಗಿದ್ದ ಆ ಸಂಸ್ಥೆ ದೇಶದ ಮೀಟರನ್ನು ಲೇಸರ್ ಬೆಳಕಿನಲ್ಲಿ ಕಾಪಾಡುತ್ತದೆ. ಹುಬ್ಬಳ್ಳಿಯ ಟರ್ನರ್ ಒಬ್ಬ ಮೈಕ್ರೋಮೀಟರ್ ತಿರುಗಿಸಿದಾಗಲೂ ಅದರ ಸಾಕ್ಷಿ ಈ ಊರಿನಲ್ಲಿದೆ. ಸರೋಜಿನಿ ನಗರದಲ್ಲಿ ಅಷ್ಟು ವರ್ಷವಿದ್ದರೂ ಓದುವ ದಿನಗಳಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಈಚೆಗೆ ಧಾರವಾಡ ಕಡೆಯ ನೆರೆಮನೆಯವರು ಮಗನನ್ನು ಕರೆದುಕೊಂಡು ಬಂದರು. “ಅಕ್ಕಾರ, ಇಂವಾ ಆರು ತಿಂಗಳದಾಗ ಸಿಎನ್‌ಸಿ ಕಲ್ತು ನೌಕರಿ ಹಿಡೀತೀನಿ ಅಂತಾನ್ರೀ. ಖರೇನ?” ಎಂದರು. ಖರೇನೇ, ನೌಕರಿ ಸಿಗುತ್ತದೆ. ಜಾಬು ಕಚ್ಚಿಸುವುದು, ಗುಂಡಿ ಒತ್ತುವುದು, ತೆಗೆಯುವುದು. ಅಲ್ಲಿಂದ ಮೇಲೇರುವುದು ಕಷ್ಟ, ಅದನ್ನೂ ಹೇಳಿದೆ. ಎರಡು ವರ್ಷದ ಐಟಿಐ ಆದರೆ ಫಿಟ್ಟರ್, ಟರ್ನರ್, ಮಷಿನಿಸ್ಟ್, ಟೂಲ್ ಅಂಡ್ ಡೈ ಮೇಕರ್, ಯಾವುದಾದರೂ ಸರಿ. ಇಸ್ರೋದ ಟೆಕ್ನಿಷಿಯನ್ ಹುದ್ದೆಗೂ ಎಸ್ಸೆಸ್ಸೆಲ್ಸಿ ಜೊತೆಗೆ ಇದೇ ಐಟಿಐ ಕೇಳುತ್ತಾರೆ. ಐಟಿಐಯಿಂದ ನೇರ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾದಿಂದ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗಬಹುದು. ಒಳಗೆ ಹೊಕ್ಕ ಮೇಲೆ ದಾರಿ ಕವಲೊಡೆಯುತ್ತದೆ: ಡೈ ವಿನ್ಯಾಸ, ಕ್ಯಾಮ್ ಪ್ರೋಗ್ರಾಮಿಂಗ್, ವೈರ್‌ಕಟ್, ನನ್ನಂಥವರ ಮೆಟ್ರಾಲಜಿ ಎಂಬ ಅಳತೆಯ ವಿದ್ಯೆ, ಒಂದೆರಡು ಯಂತ್ರ ಹಾಕಿಕೊಂಡು ಸ್ವಂತ ಶೆಡ್ಡು. ಮೂಳೆಗೆ ಕೂರಿಸುವ ಇಂಪ್ಲಾಂಟಿನಿಂದ ವಿಮಾನದ ಬಿಡಿಭಾಗದವರೆಗೆ ಕೆಲಸ ಇದೆ.

ಕಷ್ಟವನ್ನೂ ಮುಚ್ಚಿಡಲಿಲ್ಲ. ಮೊದಲ ವರ್ಷಗಳ ಸಂಬಳ ಕಡಿಮೆ, ದಿನವಿಡೀ ನಿಲ್ಲಬೇಕು, ರಾತ್ರಿ ಪಾಳಿ ಇರುತ್ತದೆ. ಹೆಣ್ಣುಮಕ್ಕಳಿಗೆ ಎಷ್ಟೋ ಶೆಡ್ಡುಗಳಲ್ಲಿ ಇನ್ನೂ ಬೇರೆ ಶೌಚಾಲಯವಿಲ್ಲ. ಇದು ಬದಲಾಗಲೇಬೇಕು, ಕೌಶಲ ಕೌಶಲ ಎಂದು ಭಾಷಣ ಮಾಡುವವರು ಮೊದಲು ಇದನ್ನು ಮಾಡಿಸಲಿ.

ಹುಡುಗ ಕೇಳಿದ, “ಅಕ್ಕಾ, ಅಪ್ರೆಂಟಿಸ್ ಆಗಿ ಹೋಗೋ ಕಾರ್ಖಾನಿ ಚಲೋ ಐತೋ ಇಲ್ಲೋ ಹ್ಯಾಂಗ ಗೊತ್ತಾಗ್ತದ?” ಯಂತ್ರಗಳ ಹೊಳಪು ನೋಡಬೇಡ ಎಂದೆ. ಮೈಕ್ರೋಮೀಟರನ್ನು ಕೊನೆಗೆ ಯಾವಾಗ ಕ್ಯಾಲಿಬ್ರೇಟ್ ಮಾಡಿಸಿದರು ಎಂದು ವಿನಯದಿಂದ ಕೇಳು. ಅವರು ರಿಜಿಸ್ಟರ್ ತೆರೆದು ತಾರೀಕು ತೋರಿಸಿದರೆ ಅಲ್ಲೇ ಸೇರು. ತಾಯಿ ಆಗಲೇ ಹಾಸ್ಟೆಲಿನ ವಿಚಾರಕ್ಕೆ ಇಳಿದಿದ್ದರು.