ಹುಕ್ ಸುಮ್ಮನಿದ್ದರೆ ಏನರ್ಥ? ಎಐ ಏಜೆಂಟ್‌ಗೆ ಬರೆದಿಡಿ

ಶಹಾಬಾದ ಕಲ್ಲು ಚದರಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. 22 ಇಂಚು ಉದ್ದ, 22 ಇಂಚು ಅಗಲದ ಹಾಸುಗಲ್ಲು ಅಂದರೆ 484 ಚದರ ಇಂಚು. 144ರಿಂದ ಭಾಗಿಸಿದರೆ 3.36 ಚದರಡಿ. ಕಲ್ಲಿನ ಡಿಪೋದವರಿಗೆ ನೀವು ಬರೆದುಕೊಟ್ಟ ಆಂಡ್ರಾಯ್ಡ್ ಬಿಲ್ಲಿಂಗ್ ಆ್ಯಪ್ ಇದೇ ಕಲ್ಲಿಗೆ 3 ಚದರಡಿ ಎಂದು ಬಿಲ್ ಹಾಕುತ್ತಿದೆ ಅಂದುಕೊಳ್ಳಿ. ನೂರು ಕಲ್ಲಿಗೆ 36 ಚದರಡಿಯ ದುಡ್ಡು ಹೋಯಿತು. ಕಾರಣ ಸಣ್ಣದು: ಜಾವಾದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬಿದ್ದುಹೋಗುತ್ತದೆ. 144 ಇದ್ದಲ್ಲಿ 144.0 ಎಂದು ಬರೆದರೆ ಸರಿಯಾಗುತ್ತದೆ.

ಇದನ್ನು ಪತ್ತೆ ಹಚ್ಚಲು ಕೋಡನ್ನೆಲ್ಲ ಓದಬೇಕಿಲ್ಲ. ಓಡುತ್ತಿರುವ ಆ್ಯಪಿನಲ್ಲಿ ಚದರಡಿ ಲೆಕ್ಕ ಹಾಕುವ ಒಂದು ಮೆಥಡ್‌ಗೆ ಹುಕ್ (ಕರೆಯನ್ನು ನಡುವೆ ಹಿಡಿಯುವ ಕೊಕ್ಕೆ) ಹಾಕಿ, ಒಳಗೆ ಏನು ಹೋಯಿತು, ಹೊರಗೆ ಏನು ಬಂತು ಎಂದು ನೋಡಿದರೆ ಸಾಕು. ನಾರ್ವೆಯ ಓಲೆ ಆಂಡ್ರೆ ವಾಡ್ಲಾ ರಾವ್ನೋಸ್ ಶುರು ಮಾಡಿದ ಫ್ರಿಡಾ ಇಂಥ ಕೆಲಸಕ್ಕೆ ಬಳಕೆಯಲ್ಲಿರುವ ಉಚಿತ ಸಾಧನ. ಈಗ ಬಹಳಷ್ಟು ಹುಡುಗರು ಈ ಕೆಲಸವನ್ನೂ ಎಐ ಏಜೆಂಟ್‌ಗೆ ಒಪ್ಪಿಸುತ್ತಾರೆ. ಅದೇ ಕಮಾಂಡ್ ಕೊಡುತ್ತದೆ, ಬಂದ ಉತ್ತರ ಓದುತ್ತದೆ, ಮುಂದಿನ ಹೆಜ್ಜೆ ತಾನೇ ಇಡುತ್ತದೆ. ಅದು ಎಡವದಂತೆ ಬರೆದಿಡಬೇಕಾದ ಕಡತ ಹೀಗಿರಲಿ. ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ‘ಏಜೆಂಟ್ಸ್ ಡಾಟ್ ಎಂಡಿ’ ಹೆಸರಿನಲ್ಲಿಟ್ಟರೆ ಹಲವು ಏಜೆಂಟ್‌ಗಳು ಕೇಳದೆಯೇ ಓದಿಕೊಳ್ಳುತ್ತವೆ.

ಮೊದಲು ಆವೃತ್ತಿ. 2025ರ ಮೇ ತಿಂಗಳಲ್ಲಿ ಬಂದ ಫ್ರಿಡಾ 17 ಹಳೆಯ ಹಲವು ಕರೆಗಳನ್ನು ತೆಗೆದುಹಾಕಿತು. ಆ್ಯಪಿನ ಜಾವಾ ಕೋಡನ್ನು ಮುಟ್ಟಲು ಬೇಕಾದ ಜಾವಾ ಬ್ರಿಡ್ಜ್ ಬೇರೆಯೇ ಪ್ಯಾಕೇಜ್ ಆಯಿತು. ಫ್ರಿಡಾ ಕಮಾಂಡ್ ಬಳಸಿದರೆ ಅದು ಮೊದಲಿನಂತೆಯೇ ಸಿಗುತ್ತದೆ. ಪೈಥಾನ್‌ನಿಂದ ಸ್ಕ್ರಿಪ್ಟ್ ಓಡಿಸುವವರು ಮಾತ್ರ ಅದನ್ನು ಇಂಪೋರ್ಟ್ ಮಾಡಿ ಬಂಡಲ್ ಕಟ್ಟಬೇಕು. ಏಜೆಂಟ್ ಕಲಿತಿರುವುದು ಬಹುಪಾಲು ಹಳೆಯ ಕೋಡಿನಿಂದ, ಹಾಗಾಗಿ ಹೇಳದಿದ್ದರೆ ಹಳೆಯದನ್ನೇ ಬರೆಯುತ್ತದೆ. ಕಂಪ್ಯೂಟರಿನಲ್ಲಿರುವ ಫ್ರಿಡಾ ಮತ್ತು ಫೋನಿನಲ್ಲಿರುವ ಫ್ರಿಡಾ-ಸರ್ವರ್ ಎರಡರ ಆವೃತ್ತಿಯೂ ಒಂದೇ ಇರಬೇಕು ಎಂದು ಸೇರಿಸಿ.

ಎರಡನೆಯದು, ನಿಜವಾಗಿ ಓಡಿಸಿದ ಒಂದು ಸ್ಕ್ರಿಪ್ಟ್, ಅದರ ಪಕ್ಕದಲ್ಲೇ ಅದು ಕೊಟ್ಟ ಔಟ್‌ಪುಟ್. ವಿವರಣೆ ಉದ್ದ ಬೇಡ. ಒಂದೇ ಹೆಸರಿನ ಎರಡು ಮೆಥಡ್‌ಗಳಿದ್ದರೆ, ಅಂದರೆ ಒಂದು ಪೂರ್ಣಾಂಕಕ್ಕೆ, ಇನ್ನೊಂದು ದಶಮಾಂಶಕ್ಕೆ ಇದ್ದರೆ, ಯಾವುದಕ್ಕೆ ಹುಕ್ ಎಂದು ‘ಓವರ್‌ಲೋಡ್’ ಹೇಳಿ ಆರಿಸಬೇಕು. ಇಲ್ಲವಾದರೆ ಫ್ರಿಡಾ ದೋಷ ತೋರಿಸಿ, ಆಯ್ಕೆಗಳ ಪಟ್ಟಿ ಕೊಡುತ್ತದೆ. ಆ ದೋಷದ ಸಾಲನ್ನೂ ಕಡತಕ್ಕೆ ಅಂಟಿಸಿ.

ಮೂರನೆಯದನ್ನೇ ಬಹಳ ಜನ ಬಿಡುವುದು. ಹುಕ್ ಹಾಕಿದ ಮೇಲೆ ಏನೂ ಬರಲಿಲ್ಲ ಅಂದರೆ ಏನರ್ಥ? ಅನುಭವ ಇದ್ದವನಿಗೆ ಸಂಶಯ ಬರುತ್ತದೆ. ಏಜೆಂಟ್ ಮಾತ್ರ ‘ಈ ಮೆಥಡ್ ಓಡುವುದೇ ಇಲ್ಲ’ ಎಂದು ತೀರ್ಮಾನಿಸಿ, ಸರಿಯಿದ್ದ ಬೇರೆ ಕೋಡಿಗೆ ಕೈ ಹಾಕಬಹುದು. ಆದ್ದರಿಂದ ಕಾರಣಗಳನ್ನು ಪರೀಕ್ಷಿಸಬೇಕಾದ ಕ್ರಮದಲ್ಲೇ ಬರೆಯಿರಿ. ಹುಕ್ ಬೀಳುವ ಮೊದಲೇ ಮೆಥಡ್ ಓಡಿ ಮುಗಿದಿರಬಹುದು. ಆಗ ಓಡುತ್ತಿರುವ ಆ್ಯಪಿಗೆ ಅಂಟಿಕೊಳ್ಳದೆ, ‘ಎಫ್’ ಆಯ್ಕೆ ಕೊಟ್ಟು ಆ್ಯಪನ್ನು ಫ್ರಿಡಾದಿಂದಲೇ ಶುರು ಮಾಡಬೇಕು. ಹುಕ್ ಬಿದ್ದದ್ದು ಬೇರೆ ಓವರ್‌ಲೋಡಿಗೆ ಇರಬಹುದು. ಆ್ಯಪಿಗೆ ಎರಡು ಪ್ರೋಸೆಸ್ ಇದ್ದು, ನಾವು ಇನ್ನೊಂದರಲ್ಲಿ ಕಾಯುತ್ತಿರಬಹುದು. ಚಿಕ್ಕ ಮೆಥಡ್ ಆದರೆ ಆಂಡ್ರಾಯ್ಡ್ ಅದನ್ನು ಕರೆಯುವ ಕೋಡಿನೊಳಗೇ ಸೇರಿಸಿಬಿಟ್ಟಿರಬಹುದು. ಆಗ ‘ಡಿಆಪ್ಟಿಮೈಜ್‌ಎವ್ರಿಥಿಂಗ್’ ಕರೆದು ಮತ್ತೆ ನೋಡಬೇಕು, ಆ್ಯಪ್ ನಿಧಾನವಾಗುತ್ತದೆ ಅಷ್ಟೇ. ಇವೆಲ್ಲ ಆದ ಮೇಲೆಯೇ ‘ಮೆಥಡ್ ಓಡಲಿಲ್ಲ’ ಎನ್ನುವ ಮಾತು.

ಇದಕ್ಕೊಂದು ಸುಲಭ ಉಪಾಯವಿದೆ. ಪ್ರತಿ ಸ್ಕ್ರಿಪ್ಟಿನಲ್ಲೂ ಖಂಡಿತ ಓಡುವ ಮತ್ತೊಂದು ಮೆಥಡ್‌ಗೆ, ಉದಾಹರಣೆಗೆ ಆಕ್ಟಿವಿಟಿಯ ‘ಆನ್‌ರೆಸ್ಯೂಮ್’ಗೆ, ಸಾಕ್ಷಿಯಾಗಿ ಒಂದು ಹುಕ್ ಹಾಕಿಸಿ. ಆ್ಯಪನ್ನು ಮರೆಗೆ ಸರಿಸಿ ಮತ್ತೆ ತೆರೆದಾಗ ಸಾಕ್ಷಿಯೂ ಮಾತಾಡದಿದ್ದರೆ ತಪ್ಪಿರುವುದು ಹುಕ್ ಹಾಕಿದ ರೀತಿಯಲ್ಲಿ, ಆ್ಯಪಿನಲ್ಲಲ್ಲ. ಕಡತದಲ್ಲಿ ಒಂದೇ ಒಂದು ನಿಯಮಕ್ಕೆ ಜಾಗವಿದ್ದರೆ ನಾನು ಇದನ್ನೇ ಬರೆಯುವೆ.

ನೋಡುವ ಹುಕ್ ಬೇರೆ, ಬದಲಿಸುವ ಹುಕ್ ಬೇರೆ. ಜಾವಾ ಮೆಥಡ್‌ನ ‘ಇಂಪ್ಲಿಮೆಂಟೇಶನ್’ ಬದಲಿಸಿದಾಗ, ಒಳಗಿಂದ ಮೂಲ ಮೆಥಡನ್ನು ಕರೆದು ಅದರ ಫಲವನ್ನು ಮರಳಿಸದಿದ್ದರೆ ಆ್ಯಪಿನ ನಡತೆಯೇ ಬದಲಾಗುತ್ತದೆ. ಏಜೆಂಟ್ ತಾನೇ ಹುಟ್ಟಿಸಿದ ದೋಷವನ್ನು ತಾನೇ ಹುಡುಕುತ್ತ ಕೂರುತ್ತದೆ. ಎರಡು ಬಗೆಯ ಸ್ಕ್ರಿಪ್ಟ್‌ಗಳನ್ನು ಎರಡು ಫೋಲ್ಡರಿನಲ್ಲಿಡಿ. ಬದಲಿಸುವುದಕ್ಕೆ ನಿಮ್ಮ ಅನುಮತಿ ಕೇಳಬೇಕೆಂದು ಬರೆಯಿರಿ.

ಔಟ್‌ಪುಟ್‌ಗೆ ಮಿತಿ ಇರಲಿ: ಮೊದಲ 20 ಕರೆಗಳು, ಒಂದು ಕರೆಗೆ ಒಂದು ಸಾಲು. ಪದೇ ಪದೇ ಓಡುವ ಮೆಥಡ್ ಸಾವಿರಾರು ಸಾಲು ಸುರಿದರೆ ಏಜೆಂಟ್‌ನ ನೆನಪು ಅದರಲ್ಲೇ ತುಂಬಿಹೋಗುತ್ತದೆ. ಗಿರಾಕಿಯ ಫೋನ್ ನಂಬರ್, ಯುಪಿಐ ವಿವರ ಬರುವ ಕಡೆ ಅಕ್ಷರಗಳನ್ನು ಮರೆಮಾಡಿ. ಏಜೆಂಟ್ ಓದಿದ್ದು ಸಾಮಾನ್ಯವಾಗಿ ಹೊರಗಿನ ಸರ್ವರಿಗೆ ಹೋಗುತ್ತದೆ. ಪರೀಕ್ಷೆಗೆ ಎಮ್ಯುಲೇಟರ್ ಸಾಕು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಪ್ಲೇ ಸ್ಟೋರ್ ಇಲ್ಲದ ‘ಗೂಗಲ್ ಎಪಿಐಸ್’ ಇಮೇಜ್ ಆರಿಸಿದರೆ ಫ್ರಿಡಾ-ಸರ್ವರಿಗೆ ಬೇಕಾದ ರೂಟ್ ಸಿಗುತ್ತದೆ.

ಕಡತ ಮುಗಿದ ಮೇಲೆ ಬೇಕೆಂದೇ ಒಂದು ತಪ್ಪಿಟ್ಟ ಆ್ಯಪ್ ಕೊಟ್ಟು, ಹೊಸ ಸೆಶನ್ ತೆರೆದು ಏಜೆಂಟ್‌ಗೆ ಕೆಲಸ ಹೇಳಿ. ಅದು ಎಲ್ಲಿ ಊಹೆ ಮಾಡಿತೋ ಅಲ್ಲಿ ನಿಮ್ಮ ಬರಹ ಸಾಲದು. ಆ ಜಾಗಕ್ಕೆ ಒಂದು ಸಾಲು ಸೇರಿಸಿ.

ಕೊನೆಗೊಂದು ಎಚ್ಚರಿಕೆ. ಹುಕ್ ಹಾಕುವುದು ನೀವೇ ಬರೆದ ಆ್ಯಪಿಗೆ, ಇಲ್ಲವೇ ಮಾಲೀಕರು ಲಿಖಿತ ಒಪ್ಪಿಗೆ ಕೊಟ್ಟ ಆ್ಯಪಿಗೆ ಮಾತ್ರ. ಪರರ ಕಂಪ್ಯೂಟರ್ ವ್ಯವಸ್ಥೆಗೆ ಅನುಮತಿ ಇಲ್ಲದೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳ ವ್ಯಾಪ್ತಿಗೆ ಬರುತ್ತದೆ. ಏಜೆಂಟ್‌ಗೆ ಮುಟ್ಟಲು ಅನುಮತಿ ಇರುವ ಪ್ಯಾಕೇಜ್‌ಗಳ ಹೆಸರನ್ನು ಕಡತದ ಮೊದಲ ಸಾಲಿನಲ್ಲೇ ಬರೆಯಿರಿ.